ಕಂಬಕ್ಕೆ ಕಿವಿ ಇಡುತ್ತಿದ್ದ ಸಾಹೇಬರು

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರು ಇರಬೇಕಾದ ಜಾಗದಲ್ಲಿ ಹುಣಿಸೆ ಬೀಜದಂತೆ ಹೊಳೆಯುವ ನುಣ್ಣನೆಯ ಚರ್ಮ. ಯಾವುದೋ ಕಾಲದಲ್ಲಿ ಗಾಳಿಗೆ ಎದ್ದ ಶಾಮಿಯಾನದ ಹಗ್ಗ ಅದನ್ನು ಕಿತ್ತುಕೊಂಡು ಹೋಗಿತ್ತಂತೆ. ಆ ಬೋಳು ಬೆರಳಿನಿಂದಲೇ ಅವರು ಪ್ರತಿ ಹಗ್ಗದ ಗಂಟನ್ನೂ ಒತ್ತಿ ನೋಡುತ್ತಿದ್ದರು, ನಾನು ಅನ್ನದ ಅಗುಳು ಒತ್ತಿ ನೋಡುವ ಹಾಗೆ. ಗಟ್ಟಿ ಎನಿಸಿದ ಗಂಟಿಗೆ ಒಂದು ಕೆಂಪು ಬಟ್ಟೆಯ ಚೂರು ಕಟ್ಟುತ್ತಿದ್ದರು. ಎಲ್ಲ ಮುಗಿದ ಮೇಲೆ ನಡುವಿನ ದೊಡ್ಡ ಕಂಬಕ್ಕೆ ಕಿವಿ ಆನಿಸಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಯಾರಾದರೂ ನಕ್ಕರೆ, "ಆಕಾಶ ನಂಬಬೇಡ ಮಾರಾಯ. ಗಾಳಿ ಬರೋದು ಕಂಬಕ್ಕೆ ಮೊದ್ಲು ಗೊತ್ತಾಗುತ್ತೆ" ಎನ್ನುತ್ತಿದ್ದರು.

ಕೊಟ್ಟಿಗೆಹಾರದಲ್ಲಿ, ಘಾಟಿಗೆ ಹೋಗುವ ರಸ್ತೆಯ ಪಕ್ಕ ಅವರ ಅಂಗಡಿ. ಶಾಮಿಯಾನ, ಕುರ್ಚಿ, ಜಮಖಾನ, ಮನುಷ್ಯ ಒಳಗೆ ಕೂರಬಹುದಾದಂಥ ಹಂಡೆಗಳು, ಎಲ್ಲ ಬಾಡಿಗೆಗೆ. ನಾನೂ ಅದೇ ರಸ್ತೆಯವಳು. ಮದುವೆ, ನಾಮಕರಣ, ಎಸ್ಟೇಟಿನ ಪಾರ್ಟಿ ಏನೇ ಇದ್ದರೂ ನಾನು ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಹೋಗಿ ಕಡುಬು, ಅಕ್ಕಿ ರೊಟ್ಟಿ, ಕಳಲೆ ಪಲ್ಯ ಮಾಡಿಕೊಟ್ಟು ಬರುತ್ತೇನೆ. ಹೋದಲ್ಲೆಲ್ಲ ಅವರ ಬಟ್ಟೆಯ ನೆರಳು, ಅದರ ಹಿಂದೆ ನನ್ನ ಒಲೆ.

ನನಗಿಂತ ನಾಲ್ಕು ವರ್ಷ ದೊಡ್ಡವರಾದರೂ ನನ್ನನ್ನು ಅಕ್ಕಾ ಎನ್ನುತ್ತಿದ್ದರು. ಒಮ್ಮೆ ಜಗಳವಾಡಿದೆ.

"ಸಾಹೇಬ್ರೇ, ನನ್ನ ವಯಸ್ಸು ಯಾಕೆ ಊರಿಗೆಲ್ಲ ಸಾರ್ತೀರಿ?"

"ಅಡುಗೆ ಮಾಡೋರು ಯಾರಾದ್ರೂ ನನಗೆ ಅಕ್ಕನೇ. ಊಟ ಹಾಕೋ ಕೈ ದೊಡ್ಡದು ನೋಡಿ."

"ಹಂಗಾದ್ರೆ ಒಲೆ ಹಚ್ಚಿದ ನಿಮ್ಮ ಅಳಿಯನ್ನೂ ಅಕ್ಕಾ ಅನ್ನಿ."

ಅವರ ಅಳಿಯ ಪಾಪ ಅಲ್ಲೇ ನಿಂತಿದ್ದ. ಶಾಮಿಯಾನದ ಹುಡುಗರು ಒಂದು ವಾರ ಅವನನ್ನು ಅಕ್ಕಾ ಎಂದೇ ಕರೆದರು.

ಸಾಹೇಬರು ನನಗೆ ಇಂಗ್ಲಿಷ್ ಕಲಿಸಿದರು. ಅದಕ್ಕೆ ಕಾರಣ ಮಲ್ಲಂದೂರಿನ ಕಡೆಯ ಒಂದು ಎಸ್ಟೇಟಿನಲ್ಲಿ ನಾನು ಪಟ್ಟ ಅವಮಾನ. ಅಲ್ಲಿಯ ಕಾರ್ಯಕ್ರಮ ನಡೆಸಲು ಹೊರಗಿನಿಂದ ಒಬ್ಬಳು ಹುಡುಗಿ ಬಂದಿದ್ದಳು. ಕೈಯಲ್ಲಿ ವಾಕಿಟಾಕಿ, ಕಾಲಲ್ಲಿ ಬೂಟು. ಕನ್ನಡ ಒಂದಕ್ಷರ ಬಾರದು. ಅವಳು ಒಲೆಯ ಹತ್ತಿರ ಬಂದು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ನಾನು ಯೆಸ್ ಎಂದೆ. ಮತ್ತೇನೋ ಕೇಳಿದಳು. ಅದಕ್ಕೂ ಯೆಸ್ ಎಂದೆ. ಗೊತ್ತಾಗಲಿಲ್ಲ ಎಂದು ಹೇಳಲು ನಾಚಿಕೆ. ಊಟ ಒಂದೂವರೆ ಗಂಟೆ ತಡ ಮಾಡೋಣವೇ ಎಂದು ಅವಳು ಕೇಳಿದ್ದಂತೆ. ನಾನು ಆಗಲೇ ಹಬೆಯಿಂದ ಇಳಿಸಿದ್ದ ಮುನ್ನೂರು ಕಡುಬು ಆರಿ, ಎಸೆದರೆ ಹಲಸಿನಕಾಯಿ ಬೀಳಿಸುವಷ್ಟು ಗಟ್ಟಿಯಾದವು. ಹುಡುಗಿ ತನ್ನವರ ಹತ್ತಿರ ನನ್ನನ್ನು ತೋರಿಸಿ ಏನೋ ಹೇಳಿದಳು. ಎಲ್ಲರೂ ನಕ್ಕರು.

"ಏನಂದ್ಲು ಅವ್ಳು?" ಎಂದು ಸಾಹೇಬರನ್ನು ಕೇಳಿದೆ.

"ಬಿಡಿ ಅಕ್ಕಾ."

"ಹೇಳಿ. ಇಲ್ದಿದ್ರೆ ಇವತ್ತು ನಿಮ್ಮ ತಟ್ಟೆಗೆ ಆ ಕಡುಬೇ."

ಅವರು ನೆಲ ನೋಡಿಕೊಂಡು ಹೇಳಿದರು. "ಈ ಆಂಟಿ ಎಲ್ಲದಕ್ಕೂ ಯೆಸ್ ಅಂತಾರೆ ಅಂದ್ಲು."

ಅವತ್ತು ವ್ಯಾನಿನಲ್ಲಿ ಹಂಡೆಗಳ ನಡುವೆ ಕೂತು ಬರುವಾಗ ನನಗೆ ಅಳು ಬಂತು. ಹೊಗೆ ಎಂದು ಹೇಳಲು ಅಲ್ಲಿ ಒಲೆಯೂ ಇರಲಿಲ್ಲ. ಸಾಹೇಬರು ಮುಂದಿನ ಸೀಟಿನಿಂದ ತಿರುಗಿ ನೋಡದೆ, "ಮುಂದಿನ ಸೋಮವಾರ ಅಂಗಡಿಗೆ ಬನ್ನಿ. ಪುಸ್ತಕ ಗಿಸ್ತಕ ತರ್ಬೇಡಿ" ಎಂದರು.

ಅವರು ಶಾಲೆಯಲ್ಲಿ ಇಂಗ್ಲಿಷ್ ಕಲಿತವರಲ್ಲ. ಹರೆಯದಲ್ಲಿ ಗಲ್ಫಿಗೆ ಹೋಗಿ ಒಂದು ದೊಡ್ಡ ಹೋಟೆಲಿನ ಸಮಾರಂಭದ ಹಾಲಿನಲ್ಲಿ ಕುರ್ಚಿ ಹೊತ್ತವರು. ಅಲ್ಲಿ ಕಿವಿಗೆ ಬಿದ್ದ ಮಾತನ್ನೆಲ್ಲ ಕೈಯಿಂದ ಮಾಡಿ ಮಾಡಿ ಕಲಿತಿದ್ದರು. ನನಗೂ ಹಾಗೆಯೇ ಕಲಿಸಿದರು. ಸೋಮವಾರ ಹೋದರೆ ಕೈಗೆ ಹಗ್ಗದ ತುದಿ ಕೊಟ್ಟರು.

"ಪುಟ್ ಅಪ್ ಅಂದ್ರೆ ಏನು ಅಂತ ಕೇಳ್ಬೇಡಿ. ಎಳೀರಿ. ಬಟ್ಟೆ ಮೇಲೆ ಹೋಯ್ತಾ? ಅದೇ ಪುಟ್ ಅಪ್. ಈಗ ಬಿಚ್ಚಿ. ಟೇಕ್ ಡೌನ್."

"ಪುಟ್ ಗೆ ಇಡು ಅಂತ ಅರ್ಥ ಅಲ್ವಾ? ನನ್ನ ಮೊಮ್ಮಗಳು ಹಂಗಂದ್ಲು."

"ಮೊಮ್ಮಗಳು ಶಾಮಿಯಾನ ಕಟ್ಟಿದಾಳಾ?"

ಹೀಗೆ ಕುರ್ಚಿ ಸಾಲಾಗಿ ಹಾಕುತ್ತ ಸೆಟ್ ಔಟ್, ಜಮಖಾನ ಬಿಡಿಸುತ್ತ ರೋಲ್ ಔಟ್, ಗ್ಯಾಸ್ ಮುಚ್ಚುತ್ತ ಟರ್ನ್ ಆಫ್, ಚಟ್ನಿ ಮುಗಿದಾಗ ರನ್ ಔಟ್. ಹಗ್ಗ ಬಿಗಿ ಹಿಡಿದಾಗ ಹೋಲ್ಡ್ ಆನ್, ಬಿಟ್ಟಾಗ ಲೆಟ್ ಗೋ. ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ. ಅದೇ ಕೆಲಸವನ್ನು ಇನ್ನೊಮ್ಮೆ ಮಾಡಿಸುತ್ತಿದ್ದರು. ಒಂದು ಸೋಮವಾರ ನಲವತ್ತು ಕುರ್ಚಿಯನ್ನು ಮೂರು ಸಲ ಎತ್ತಿಟ್ಟೆ. ಆಮೇಲೆ ಆ ಮಾತು ಎಂದೂ ತಪ್ಪಲಿಲ್ಲ.

ಕಾಲಗಳನ್ನು ಕಲಿಸಲು ಅವರಿಗೆ ಮೂರು ದಿನದ ಲೆಕ್ಕವಿತ್ತು. ಮದುವೆಯ ಹಿಂದಿನ ದಿನ ವಿಲ್. ವಿ ವಿಲ್ ಕುಕ್, ದೇ ವಿಲ್ ಕಮ್. ಮದುವೆಯ ದಿನ ಎಲ್ಲದಕ್ಕೂ ಇಂಗ್, ಕುಕಿಂಗ್, ಕಮಿಂಗ್. ಮಾರನೆಯ ದಿನ ಎಂಜಲೆಲೆ ಬಾಚುವಾಗ ಕೇಮ್, ಏಟ್, ವೆಂಟ್. "ಇವತ್ತು ಯಾವ ದಿನ ಅಂತ ನೋಡ್ಕೊಳ್ಳಿ, ಬಾಯಿ ತಾನೇ ಸರಿ ಹೋಗುತ್ತೆ" ಎನ್ನುತ್ತಿದ್ದರು. ಮನೆಯಲ್ಲಿ ನಾನು ಹಾಸಿಗೆಯಲ್ಲೇ ಮಲಗಿ ಸೊಸೆಗೆ "ಐ ಆಮ್ ಗೆಟಿಂಗ್ ಅಪ್" ಎನ್ನುತ್ತಿದ್ದೆ. ಅವಳು ಚಾದರ ಎಳೆದು "ಯಾವಾಗ ಅತ್ತೆ?" ಎನ್ನುತ್ತಿದ್ದಳು.

ಒಂದೇ ವಿಷಯದಲ್ಲಿ ಅವರು ಕಠಿಣ. ಯಾವ ಮಾತು ಹೇಳಿದರೂ ಕೊನೆಗೆ ಪ್ಲೀಸ್ ಬೇಕು. "ನಾವು ಬಾಡಿಗೆಯವರು ಅಕ್ಕಾ, ಜನರ ಸಂಭ್ರಮದ ಒಳಗೆ ನಿಂತು ಕೆಲಸ ಮಾಡೋರು. ಪ್ಲೀಸ್ ಅನ್ನದೆ ಯಾರನ್ನೂ ಕುರ್ಚಿಯಿಂದ ಏಳಿಸಬಾರ್ದು."

ಕಳೆದ ವರ್ಷ ಕಾಫಿ ಗಿಡ ಅರಳಿಸುವ ಹೂಮಳೆಗೆ ಮೊದಲು ಅವರ ದನಿ ಒಡೆಯತೊಡಗಿತು. ಧೂಳು ಎಂದರು, ಶೀತ ಎಂದರು, ಜೇಬಿನ ತುಂಬ ಕಲ್ಲುಸಕ್ಕರೆ ಇಟ್ಟುಕೊಂಡು ತಿರುಗಿದರು. ಮಗಳು ಬೈದು ಮಂಗಳೂರಿಗೆ ಕರೆದುಕೊಂಡು ಹೋದಳು. ಗಂಟಲಿನಲ್ಲಿ ಇದ್ದದ್ದು ಶೀತವಾಗಿರಲಿಲ್ಲ. ಬಂದ ಮೇಲೆ ಅವರಿಗೆ ಉಳಿದದ್ದು ಒಂದು ಪಿಸುಮಾತು, ಅದೂ ಕಿವಿ ಹತ್ತಿರ ಕೊಂಡೊಯ್ದರೆ ಮಾತ್ರ. ಕೆಲಸ ಬಿಡಿ ಎಂದರೆ ಕೇಳಲಿಲ್ಲ. ಕೂಗುವ ಕೆಲಸ ಅಳಿಯನ ಪಾಲಿಗೆ ಬಂತು. ನನ್ನ ಪಾಠ ಫೋನಿಗೆ ಬಂತು. ಅವರು ಬರೆದು ಕಳಿಸುತ್ತಿದ್ದರು, ನಾನು ಉತ್ತರ ಬರೆಯಬೇಕಿತ್ತು. ಈ ವಯಸ್ಸಿನಲ್ಲಿ ನನ್ನ ತೋರುಬೆರಳು ಅಕ್ಷರ ಒತ್ತಲು ಕಲಿತದ್ದು ಅದಕ್ಕಾಗಿ. ಈಗ ಇದನ್ನು ಬರೆಯುತ್ತಿರುವುದೂ ಅದೇ ಬೆರಳು.

ಏಪ್ರಿಲ್ ಕೊನೆಯಲ್ಲಿ ದೇವರಮನೆ ಬೆಟ್ಟದ ಹತ್ತಿರದ ಒಂದು ಎಸ್ಟೇಟಿನಲ್ಲಿ ಮದುವೆ ಬಂತು. ಹುಡುಗಿ ಇಲ್ಲಿಯವಳು, ವರನ ಕಡೆಯವರು ಎಲ್ಲೆಲ್ಲಿಂದಲೋ ಬಂದವರು. ಕಾರ್ಯಕ್ರಮ ನಡೆಸಲು ಬಂದವಳು ಅದೇ ವಾಕಿಟಾಕಿ ಹುಡುಗಿ. ನನ್ನನ್ನು ನೋಡಿ "ಓ, ಯೆಸ್ ಆಂಟಿ!" ಎಂದಳು. ನಾನು ನಕ್ಕೆ. ಒಳಗೆ ಉರಿಯಿತು.

ಕಣಿವೆ ಕಾಣುವಂತೆ ಹುಲ್ಲುಬೋರೆಯ ನೆತ್ತಿಯಲ್ಲೇ ಶಾಮಿಯಾನ ಬೇಕು ಎಂದಳು. ಸಾಹೇಬರು ಚೀಟಿಯಲ್ಲಿ ಬರೆದು ತೋರಿಸಿದರು, ಕೆಳಗೆ ಮರಗಳ ಮರೆಯಲ್ಲಿ ಹಾಕೋಣ. ಅವಳು ಫೋಟೊ ಚೆನ್ನಾಗಿ ಬರುವುದಿಲ್ಲ ಎಂದಳು. ಅವರು ಒಂದು ಗೂಟದ ಜಾಗಕ್ಕೆ ಎರಡು ಗೂಟ ಹೊಡೆಸಿದರು. ಸುತ್ತ ಹದಿನಾರು ಕಂಬ, ನಡುವೆ ಎರಡು ದೊಡ್ಡವು, ಹಿಂಬದಿಗೆ ನನ್ನ ಅಡುಗೆ ಚಪ್ಪರ. ಹದಿನೆಂಟಕ್ಕೂ ಕೆಂಪು ಚೂರು ಕಟ್ಟಿ ಬಂದು ನನ್ನ ಪಕ್ಕ ಕೂತು ಚಹಾ ಕುಡಿದರು. ಚಹಾ ನುಂಗುವುದೂ ಅವರಿಗೆ ಕಷ್ಟವಾಗಿತ್ತು.

ಮಧ್ಯಾಹ್ನ ಇನ್ನೂರು ಜನ ಊಟಕ್ಕೆ ಕೂತರು. ಆಕಾಶ ತೊಳೆದಿಟ್ಟ ಹಾಗಿತ್ತು. ತಟ್ಟೆ ಸಾಲುವುದಿಲ್ಲ ಎಂದು ಅಳಿಯ ವ್ಯಾನು ತೆಗೆದುಕೊಂಡು ಕೊಟ್ಟಿಗೆಹಾರಕ್ಕೆ ಹೋಗಿದ್ದ. ಶಾಮಿಯಾನದ ಕೆಲಸದವರು ಇಬ್ಬರೇ ಉಳಿದಿದ್ದರು. ನಾನು ರೊಟ್ಟಿ ತಟ್ಟುತ್ತಿದ್ದೆ. ಬಟ್ಟೆಯ ಸಂದಿಯಿಂದ ನೋಡಿದರೆ ಸಾಹೇಬರು ನಡುಗಂಬಕ್ಕೆ ಕಿವಿ ಇಟ್ಟು ನಿಂತಿದ್ದರು. ಸಾಮಾನ್ಯವಾಗಿ ಹತ್ತು ಎಣಿಸುವುದರೊಳಗೆ ಕಿವಿ ತೆಗೆಯುವವರು, ಅವತ್ತು ತೆಗೆಯಲಿಲ್ಲ. ಎರಡನೆಯ ಕಂಬಕ್ಕೆ ಹೋದರು. ಅಲ್ಲೂ ಕಿವಿ ಇಟ್ಟರು. ಆಮೇಲೆ ಜನರ ನಡುವೆ ಹೆಚ್ಚುಕಡಿಮೆ ಓಡುತ್ತ ನನ್ನ ಕಡೆ ಬಂದರು.

ಅಷ್ಟು ವರ್ಷಗಳಲ್ಲಿ ಒಮ್ಮೆಯೂ ನನ್ನ ಕೈ ಮುಟ್ಟದವರು ಹಿಟ್ಟಿನ ಕೈಯ ಮಣಿಕಟ್ಟು ಹಿಡಿದರು. ನಾನು ಅವರ ಬಾಯಿಯ ಹತ್ತಿರ ಕಿವಿ ಒಡ್ಡಿದೆ.

"ಟೇಕ್ ಡೌನ್."

"ಈಗ್ಲಾ? ಊಟಕ್ಕೆ ಕೂತವ್ರೆ ಸಾಹೇಬ್ರೇ!"

"ಈಗ್ಲೇ. ನಂಗೆ ದನಿ ಇಲ್ಲ. ನೀವೇ."

ಗ್ಯಾಸ್ ಆರಿಸಿ, ಎಣ್ಣೆ ಬಾಣಲೆ ಇಳಿಸಿ ಹೊರಗೆ ಹೋಗಿ ಎಂದು ನನ್ನ ಹೆಂಗಸರಿಗೆ ಹೇಳಿ ಹುಡುಗಿಯ ಹತ್ತಿರ ಓಡಿದೆ. "ವಿಂಡ್ ಈಸ್ ಕಮಿಂಗ್. ಟೇಕ್ ಡೌನ್ ಶಾಮಿಯಾನ. ಪ್ಲೀಸ್" ಎಂದೆ.

ಅವಳು ಆಕಾಶ ನೋಡಿದಳು. ನನ್ನನ್ನು ನೋಡಿದಳು. "ಇಟ್ಸ್ ಫೈನ್ ಆಂಟಿ. ಕೇಕ್ ಕಟಿಂಗ್ ಫಸ್ಟ್. ಆಫ್ಟರ್ ದಟ್, ಓಕೆ?"

ಆ ಓಕೆಗೆ ಅವಳು ನನ್ನಿಂದ ಒಂದು ಯೆಸ್ ಕಾಯುತ್ತಿದ್ದಳು. ನನ್ನ ಬಾಯಿಗೂ ಅದೇ ಬಂದಿತ್ತು. ಗಾಳಿ ಬಾರದೇ ಹೋದರೆ ಒಬ್ಬ ಹುಡುಗಿಯ ಮದುವೆ ಕೆಡಿಸಿದ ಮುದುಕಿ ನಾನು. ಈ ಬೆಟ್ಟದಲ್ಲಿ ಮತ್ತೆ ಯಾರೂ ನನ್ನ ಹೆಂಗಸರನ್ನು ಕರೆಯುವುದಿಲ್ಲ, ಸಾಹೇಬರ ಹೆಸರೂ ಹೋಗುತ್ತದೆ. ಗಾಳಿ ಬಂದರೆ ಇನ್ನೂರು ಜನರ ತಲೆಯ ಮೇಲೆ ಹದಿನೆಂಟು ಕಂಬ. ತಿರುಗಿ ನೋಡಿದೆ. ಸಾಹೇಬರು ಮತ್ತೆ ನಡುಗಂಬಕ್ಕೆ ಹೋಗಿ ಕಿವಿ ಇಟ್ಟು ನಿಂತಿದ್ದರು.

"ನೋ" ಎಂದೆ.

ವೇದಿಕೆಯಲ್ಲಿ ಸೂಟು ಹಾಕಿದ ಒಬ್ಬರು ವರನ ಬಾಲ್ಯದ ಕತೆ ಹೇಳುತ್ತಿದ್ದರು. ಸೆರಗು ಸಿಕ್ಕಿಸಿ ಮೆಟ್ಟಿಲು ಹತ್ತಿ ಮೈಕು ಕಿತ್ತುಕೊಂಡೆ. "ಗೆಟ್ ಅಪ್! ಗೆಟ್ ಔಟ್! ಆಲ್ ಗೆಟ್ ಔಟ್!"

ಇನ್ನೂರು ಜನ ತುತ್ತು ಹಿಡಿದುಕೊಂಡು ನನ್ನನ್ನು ನೋಡಿದರು. ಕೆಲವರು ನಕ್ಕರು, ಇದೂ ಕಾರ್ಯಕ್ರಮದ ಭಾಗ ಎಂದುಕೊಂಡು. ಮುಂದಿನ ಸಾಲಿನಿಂದ ಒಬ್ಬರು ಎದ್ದು ಏನಾಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ನಥಿಂಗ್ ಹ್ಯಾಪನ್ಡ್!" ಎಂದು ಕಿರುಚಿದೆ. "ವಿಲ್ ಹ್ಯಾಪನ್! ಟೆಂಟ್ ವಿಲ್ ಫಾಲ್! ಲೀವ್ ದ ಪ್ಲೇಟ್! ಗೆಟ್ ಔಟ್!"

ಅಷ್ಟರಲ್ಲಿ ಕಣಿವೆಯಿಂದ ಮೊದಲ ಗಾಳಿ ಬಂತು. ಜೋರೇನಲ್ಲ. ತಲೆಯ ಮೇಲಿನ ಬಟ್ಟೆ ಒಮ್ಮೆ ಉಸಿರೆಳೆದುಕೊಂಡು ಬಿಟ್ಟಿತು, ಅಷ್ಟೆ. ನಕ್ಕವರ ಬಾಯಿ ಮುಚ್ಚಿತು. ಕುರ್ಚಿಗಳು ಉರುಳಿದವು.

ಜನ ಕೆಳಗಿನ ಮರಗಳ ಕಡೆ ಓಡಿದರು. ಆದರೆ ಗಟ್ಟಿಮುಟ್ಟಾದ ಹತ್ತು ಗಂಡಸರು ಸಹಾಯಕ್ಕೆ ನಿಂತರು. ಅವರ ಮನಸ್ಸು ಒಳ್ಳೆಯದು, ಬುದ್ಧಿ ಕೆಟ್ಟದು. ಗಾಳಿಗೆ ಬೆನ್ನು ಕೊಟ್ಟು, ಹಿಂಬದಿಯ ಕಂಬಗಳನ್ನು ಇಳಿಸಲು ಹೋದರು. ಎಲ್ಲರೂ ಮಾಡುವ ತಪ್ಪು ಅದು. ಹಿಂಬದಿ ಮೊದಲು ತಗ್ಗಿದರೆ ಗಾಳಿಗೆ ಬಟ್ಟೆ ಚೀಲವಾಗುತ್ತದೆ. ಆಗ ಎರಡು ಗೂಟವಲ್ಲ, ಹತ್ತು ಗೂಟ ಹೊಡೆದರೂ ನಿಲ್ಲುವುದಿಲ್ಲ. ಗಾಳಿ ಬರುವ ಕಡೆಯನ್ನೇ ಮೊದಲು ನೆಲಕ್ಕೆ ತಗ್ಗಿಸಬೇಕು, ಆಗ ಅದು ಬಟ್ಟೆಯ ಬೆನ್ನ ಮೇಲೆ ಹಾದು ಹೋಗುತ್ತದೆ. ಸಾಹೇಬರು ನನಗೆ ಇದನ್ನು ಅಂಗಡಿಯ ಮುಂದೆ ಟವೆಲು ಹಿಡಿದು ಎಷ್ಟು ಸಲ ತೋರಿಸಿದ್ದರೋ. ಈಗ ಅವರು ದೂರದಿಂದ ಎರಡೂ ಕೈ ಬೀಸುತ್ತಿದ್ದರು. ಬಾಯಿ ತೆರೆದಿತ್ತು. ಏನೂ ಹೊರಡುತ್ತಿರಲಿಲ್ಲ.

"ನಾಟ್ ದಟ್ ಸೈಡ್!" ಮೈಕು ಆಗಲೇ ಸತ್ತಿತ್ತು. ಬರಿಗಂಟಲಿನಲ್ಲಿ ಕೂಗುತ್ತ ಅವರ ನಡುವೆ ನುಗ್ಗಿದೆ. ಒಬ್ಬರ ಕೋಟು ಹಿಡಿದು ಎಳೆದೆ. "ಹೋಲ್ಡ್ ಆನ್! ಡೋಂಟ್ ಲೆಟ್ ಗೋ! ಕಮ್ ಹಿಯರ್! ವಿಂಡ್ ಸೈಡ್ ಫಸ್ಟ್!"

ಅವರಿಗೆ ಅರ್ಥವಾಯಿತು. ನನ್ನ ಇಂಗ್ಲಿಷ್ ಇನ್ನೊಬ್ಬರಿಗೆ ಅರ್ಥವಾದದ್ದನ್ನು ನಿಂತು ನೋಡಲು ಪುರುಸೊತ್ತಿರಲಿಲ್ಲ. ವಾಕಿಟಾಕಿ ಹುಡುಗಿ ತನ್ನ ಯಂತ್ರ ಬಿಸಾಡಿ ಮೊದಲ ಹಗ್ಗಕ್ಕೆ ಬಿದ್ದಳು. "ಪುಲ್ ಔಟ್! ಲೇ ಡೌನ್! ನೆಕ್ಸ್ಟ್!" ಎಂದೆ. ಕಣಿವೆ ಕಡೆಯ ಐದು ಕಂಬ ಒಂದಾದ ಮೇಲೊಂದು ಮಲಗಿದವು. ಎರಡನೆಯ ಗಾಳಿ ಬಂತು. ಅದು ನಿಜವಾದ ಗಾಳಿ. ಕಣ್ಣಿಗೆ ಮಣ್ಣು, ಬಾಯಿಗೆ ಹುಲ್ಲು. ನನ್ನ ಅಡುಗೆ ಚಪ್ಪರ ಎದ್ದು, ಗಾಳಿಪಟದಂತೆ ಕಾಫಿ ತೋಟದ ಮೇಲೆ ಹಾರಿಹೋಯಿತು.

ದೊಡ್ಡ ಬಟ್ಟೆ ಮಾತ್ರ ಕುದಿಯುವ ಗಂಜಿಯಂತೆ ಪುಟಿಯುತ್ತ ನೆಲಕ್ಕೆ ಕೂರತೊಡಗಿತು. ಆದರೆ ಒಂದು ನಡುಗಂಬ ಇನ್ನೂ ನಿಂತಿತ್ತು. ಅದರ ಹಗ್ಗ ಸಾಹೇಬರ ಕೈಯಲ್ಲಿತ್ತು. ಯಾಕೆ ಬಿಡುತ್ತಿಲ್ಲ ಎಂದು ನೋಡಿದರೆ, ಬಟ್ಟೆಯ ಕೆಳಗೆ ಮದುಮಗಳ ಅಜ್ಜಿ. ಗಾಲಿಕುರ್ಚಿಯ ಚಕ್ರ ಜಮಖಾನಕ್ಕೆ ಸಿಕ್ಕಿ, ತಳ್ಳುವ ಹೆಂಗಸು ಅಳುತ್ತ ಎಳೆದಾಡುತ್ತಿದ್ದಳು. ಹಗ್ಗ ಸಾಹೇಬರ ಅಂಗೈಯಲ್ಲಿ ಇಂಚಿಂಚೇ ಜಾರುತ್ತಿತ್ತು. ಬಿಳಿ ಹಗ್ಗ, ಜಾರಿದಷ್ಟೂ ಕೆಂಪು.

"ಹೋಲ್ಡ್ ಆನ್ ಸಾಹೇಬ್ರೇ!" ಎಂದು ಕೂಗಿ ಒಳಗೆ ಬಗ್ಗಿದೆ. ಅಜ್ಜಿಯನ್ನು ಕುರ್ಚಿಯಿಂದಲೇ ಎತ್ತಿಕೊಂಡೆ. ಹಂಡೆ ಎತ್ತಿ ಅಭ್ಯಾಸವಿದ್ದ ಸೊಂಟ, ಆ ಅಜ್ಜಿ ಹಗುರ. ಆಕೆ ನನ್ನ ಕುತ್ತಿಗೆ ತಬ್ಬಿಕೊಂಡು "ಯಾರೇ ನೀನು?" ಎಂದರು. "ಅಡುಗೆಯವ್ಳು" ಎಂದೆ. ಕುರ್ಚಿ ತಳ್ಳುವವಳೂ ನಮ್ಮ ಹಿಂದೆಯೇ ಓಡಿಬಂದಳು. ಹೊರಗೆ ಬಂದು ಹುಲ್ಲಿನ ಮೇಲೆ ಅಜ್ಜಿ, ನಾನು ಇಬ್ಬರೂ ಬಿದ್ದೆವು.

"ಲೆಟ್ ಗೋ!"

ಅವರು ಬಿಟ್ಟರು. ಕಂಬ ನಿಧಾನಕ್ಕೆ ವಾಲಿ ಗಾಲಿಕುರ್ಚಿಯ ಮೇಲೆ ಬಿತ್ತು. ಕುರ್ಚಿ ಹಪ್ಪಳವಾಯಿತು.

ಕಾಲು ಗಂಟೆಯಲ್ಲಿ ಗಾಳಿ ಹೋಯಿತು, ಒಂದು ಹನಿ ಮಳೆಯೂ ಬರಲಿಲ್ಲ. ಎಣಿಸಿದರೆ ಎಲ್ಲರೂ ಇದ್ದರು. ಒಬ್ಬರ ಮೊಣಕಾಲು ತರಚಿತ್ತು, ಇನ್ನೊಬ್ಬರ ಕೋಟು ಹರಿದಿತ್ತು. ಕೋಟು ಹರಿದದ್ದು ನಾನು. ವಾಕಿಟಾಕಿ ಹುಡುಗಿ ಹುಲ್ಲಿನ ಮೇಲೆ ಕೂತುಬಿಟ್ಟಿದ್ದಳು. ಹಬೆ ಪಾತ್ರೆಯಲ್ಲಿ ಉಳಿದಿದ್ದ ಒಂದು ಬಿಸಿ ಕಡುಬು ಮುರಿದು ಅವಳ ಬಾಯಿಗಿಟ್ಟೆ. ತಿಂದಳು. ಅಳುತ್ತ ತಿಂದಳು.

ಸಾಹೇಬರ ಅಂಗೈಗೆ ಅರಿಸಿನ ಮೆತ್ತಿ ನನ್ನ ಸೆರಗು ಹರಿದು ಕಟ್ಟುವಾಗ ಅವರು ನನ್ನ ಕಡೆ ಬಗ್ಗಿದರು. ಹೊಗಳುತ್ತಾರೆ ಎಂದುಕೊಂಡು ಕಿವಿ ಕೊಟ್ಟೆ.

"ಒಂದ್ಸಲಾನೂ ಪ್ಲೀಸ್ ಅನ್ಲಿಲ್ಲ" ಎಂದರು.

"ಹುಡುಗಿಗೆ ಅಂದಿದ್ದೆ!"

"ಇನ್ನೂರು ಜನಕ್ಕೆ ಅನ್ಲಿಲ್ಲ." ಅವರ ಭುಜ ಕುಲುಕುತ್ತಿತ್ತು. ದನಿ ಹೋದ ಮೇಲೆ ಅವರು ನಗುತ್ತಿದ್ದದ್ದು ಹಾಗೆ.

ಅದೇ ಅವರು ಕಟ್ಟಿದ ಕೊನೆಯ ದೊಡ್ಡ ಶಾಮಿಯಾನ. ಮಳೆಗಾಲವಿಡೀ ಮನೆಯಲ್ಲಿದ್ದರು. ನಾನು ಗಂಜಿ ತೆಗೆದುಕೊಂಡು ಹೋದರೆ ಎರಡು ಚಮಚ ಕುಡಿದು, ಬೋಳು ಹೆಬ್ಬೆರಳಿನಿಂದ ಫೋನಿನಲ್ಲಿ ಹೊಸ ಮಾತು ಬರೆದು ತೋರಿಸುತ್ತಿದ್ದರು. ಕಾಫಿ ಕೊಯ್ಲು ಶುರುವಾದ ವಾರ, ಒಂದು ಬೆಳಿಗ್ಗೆ ಅಳಿಯ ನಮ್ಮ ಬಾಗಿಲಿಗೆ ಬಂದು "ಮಾವ ಹೋದ್ರು ಅಮ್ಮಾ" ಎಂದ. ನಾನು ಚಪ್ಪಲಿ ಹಾಕಿಕೊಂಡೆ.

ಅವರ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಅವರ ಅಂಗಡಿಯದೇ. ಜನ ಬರುತ್ತಲೇ ಇದ್ದರು, ಹೆಂಗಸರು ಒಳಗೆ, ಗಂಡಸರು ಆ ನೆರಳಿನಲ್ಲಿ. ನಾನು ಒಳಗೆ ಹೋಗುವ ಮೊದಲು ಒಂದು ಗಂಟಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದೆ. ಬೆರಳು ಒಳಕ್ಕೆ ಹೋಯಿತು, ಗಂಟು ಸಡಿಲ. ಇನ್ನೊಂದೂ ಹಾಗೆಯೇ. ಹುಡುಗರು ಅಳುತ್ತ ಕಟ್ಟಿದ್ದರು. ಆ ತಿಂಗಳಲ್ಲಿ ನಮ್ಮಲ್ಲಿ ಮೂಡಣ ಗಾಳಿ. ಎತ್ತರದ ಬದಿಯನ್ನು ನೇರ ಅದರ ಬಾಯಿಗೆ ತೆರೆದಿಟ್ಟಿದ್ದರು. ಒಂದೂ ಕೆಂಪು ಚೂರು ಇರಲಿಲ್ಲ.

ನಾನು ಬೇರೆ ಜಾತಿಯ ಹೆಂಗಸು, ಅದು ಸಾವಿನ ಮನೆ, ಸುತ್ತ ಗಂಡಸರು. ಆದರೂ ಅಳಿಯನನ್ನು ಪಕ್ಕಕ್ಕೆ ಕರೆದೆ.

"ಇದನ್ನ ಬಿಚ್ಚಿ ತಿರುಗಿಸಿ ಕಟ್ಬೇಕು ಕಣಪ್ಪ."

"ಈಗ್ಲಾ ಅಮ್ಮಾ? ಎಲ್ರೂ ಕೂತವ್ರೆ."

"ಈಗ್ಲೇ."

ಅವನು ಕಣ್ಣೊರೆಸಿಕೊಂಡು ಹುಡುಗರನ್ನು ಕರೆದ. ಕೂತಿದ್ದವರು ಹಿರಿಯರು, ಅವರ ಜೊತೆ ದುಡಿದವರು, ಅವರ ನೆರಳಿನಲ್ಲಿ ಮದುವೆಯಾದವರು. ನಾನು ಮೊದಲ ಸಾಲಿನ ಮುಂದೆ ಹೋಗಿ ಕೈ ಮುಗಿದೆ.

"ಎಲ್ರೂ ಒಂದ್ನಿಮಿಷ ಏಳ್ಬೇಕು" ಎಂದೆ. "ಪ್ಲೀಸ್."

ಎದ್ದರು. ಕುರ್ಚಿಗಳನ್ನು ತಾವೇ ಎತ್ತಿಟ್ಟರು. ಬಟ್ಟೆ ಇಳಿದು, ತಿರುಗಿ, ಮತ್ತೆ ಮೇಲೆ ಹೋಯಿತು. ಅಂಗಡಿಯಿಂದ ಅವರ ಕೆಂಪು ಬಟ್ಟೆಯ ಚೀಲ ತರಿಸಿ ಒಂದೊಂದು ಗಂಟಿಗೂ ಕಟ್ಟಿದೆ. ಕೊನೆಗೆ ನಡುಗಂಬದ ಹತ್ತಿರ ಹೋಗಿ, ಯಾರು ನೋಡಿದರೂ ನೋಡಲಿ ಎಂದು ಕಿವಿ ಆನಿಸಿ ಕಣ್ಣು ಮುಚ್ಚಿದೆ. ಹತ್ತು ಎಣಿಸಿದೆ. ಕಂಬ ನಿಶ್ಶಬ್ದವಾಗಿತ್ತು. ಆಮೇಲೆ ಒಳಗೆ ಹೋದೆ.